ಅರಿವಿಗೆ ಬಾರದ ಪೂರ್ವಗ್ರಹ: ಅಳೆಯಲು ಸಾಧ್ಯವೇ?

ಪೂರ್ವಗ್ರಹ ಎಂಬ ಪದವನ್ನು ನಾವು ಸಾಮಾನ್ಯವಾಗಿ ಬೇರೆಯವರ ವಿಷಯದಲ್ಲೇ ಬಳಸುತ್ತೇವೆ. 'ನಿಮ್ಮಲ್ಲಿ ಪೂರ್ವಗ್ರಹ ಇದೆಯೇ?' ಎಂದು ಯಾರನ್ನಾದರೂ ಕೇಳಿ ನೋಡಿ. 'ಇಲ್ಲ' ಎಂಬ ಉತ್ತರವೇ ಬರುತ್ತದೆ. ಬಹುಪಾಲು ಜನ ಅದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದ್ದರಿಂದ ಪ್ರಶ್ನೆ ಕೇಳಿ ಪೂರ್ವಗ್ರಹವನ್ನು ಪತ್ತೆ ಹಚ್ಚುವುದು ಕಷ್ಟ. ಕೇಳದೆಯೇ ಅಳೆಯುವ ವಿಧಾನ ಇದೆಯೇ? ಇದ್ದರೆ ಆ ಅಳತೆಯನ್ನು ಎಷ್ಟು ನಂಬಬಹುದು? ಮನೋವಿಜ್ಞಾನದ ಈ ಪ್ರಶ್ನೆಯನ್ನು ಪ್ರಯೋಗಾಲಯದಲ್ಲಿ ಉಪಕರಣಗಳ ದೋಷ ಲೆಕ್ಕ ಹಾಕುವವರ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಪೂರ್ವಗ್ರಹದಲ್ಲಿ ಮೂರು ಪದರಗಳನ್ನು ಗುರುತಿಸಬಹುದು. ನಮ್ಮ ಹನುಮಂತನಗರದ ಅಡ್ಡರಸ್ತೆಗಳಲ್ಲಿ ನಡೆದರೆ 'ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕ ಕಣ್ಣಿಗೆ ಬೀಳುವುದುಂಟು. ಇದು ಬಾಯಿಬಿಟ್ಟು ಹೇಳಿದ ಆಯ್ಕೆ. ಸರಿಯೋ ತಪ್ಪೋ, ಅದರೊಡನೆ ವಾದ ಮಾಡಬಹುದು. ಫಲಕದಲ್ಲಿ ಏನೂ ಬರೆಯದೆ, ಬಂದವರ ಹೆಸರು ಕೇಳಿದ ಮೇಲೆ 'ಮನೆ ಆಗಲೇ ಕೊಟ್ಟಾಯಿತು' ಎನ್ನುವುದು ಎರಡನೆಯ ಪದರ. ಇಲ್ಲಿ ಹೇಳುವವರಿಗೆ ಕಾರಣ ಗೊತ್ತು, ಆದರೆ ಮುಚ್ಚಿಡುತ್ತಾರೆ. ಮೂರನೆಯದು ಹೇಳುವವರಿಗೂ ಗೊತ್ತಿಲ್ಲದ್ದು. ಎಲ್ಲರನ್ನೂ ಸಮಾನವಾಗಿ ಕಾಣುತ್ತೇನೆಂದು ನಿಜವಾಗಿ ನಂಬಿದವರೊಬ್ಬರು ಒಬ್ಬರ ಮುಂದೆ ನಾಲ್ಕು ಪ್ರಶ್ನೆ ಹೆಚ್ಚು ಕೇಳುತ್ತಾರೆ, ಇನ್ನೊಬ್ಬರಿಗೆ ಕುಳಿತುಕೊಳ್ಳಿ ಎನ್ನುತ್ತಾರೆ. ಈ ಮೂರನೆಯದನ್ನೇ ಅರಿವಿಗೆ ಬಾರದ ಪೂರ್ವಗ್ರಹ ಅಥವಾ ಸುಪ್ತ ಪೂರ್ವಗ್ರಹ ಎನ್ನುತ್ತಾರೆ.

ಮೊದಲ ಪದರಕ್ಕೆ ನಮ್ಮ ಊರಿನ ವಿಜ್ಞಾನ ಚರಿತ್ರೆಯಲ್ಲೇ ಉದಾಹರಣೆ ಇದೆ. 1933ರಲ್ಲಿ ಮುಂಬಯಿಯಿಂದ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೇ ಸರ್ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅಂದಿನ ಪೂರ್ವಗ್ರಹವನ್ನು ಕಂಡುಹಿಡಿಯಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಇಂದು ಯಾವ ಸಂಸ್ಥೆಯೂ ಹಾಗೆ ಹೇಳುವುದಿಲ್ಲ. ಆದರೆ ಹೇಳುವುದು ನಿಂತಮಾತ್ರಕ್ಕೆ ಅದರ ಪರಿಣಾಮವೂ ನಿಂತಿತೇ ಎಂಬುದು ಬೇರೆ ಪ್ರಶ್ನೆ.

ಖಗೋಳಜ್ಞರು ಕಂಡ ಸೆಕೆಂಡಿನ ವ್ಯತ್ಯಾಸ

ಮನಸ್ಸಿನ ಕೆಲಸವನ್ನು ಗಡಿಯಾರದಿಂದ ಅಳೆಯುವ ಯೋಚನೆ ಮೊದಲು ಹುಟ್ಟಿದ್ದು ಖಗೋಳ ವೀಕ್ಷಣಾಲಯದಲ್ಲಿ. ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ರಾಜಖಗೋಳಜ್ಞ ಮಾಸ್ಕೆಲಿನ್, ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ತನ್ನ ಸಹಾಯಕ ಕಿನ್ನೆಬ್ರೂಕ್ ತನಗಿಂತ ಸುಮಾರು 0.8 ಸೆಕೆಂಡ್ ತಡವಾಗಿ ದಾಖಲಿಸುತ್ತಿದ್ದಾನೆಂದು ಗಮನಿಸಿದ. 1796ರಲ್ಲಿ ಸಹಾಯಕನ ಕೆಲಸ ಹೋಯಿತು. ಮುಂದೆ 1820ರ ದಶಕದಲ್ಲಿ ಜರ್ಮನಿಯ ಬೆಸೆಲ್ ಬೇರೆ ಬೇರೆ ಖಗೋಳಜ್ಞರ ದಾಖಲೆಗಳನ್ನು ಹೋಲಿಸಿ, ಇಂಥ ವ್ಯತ್ಯಾಸ ಪರಿಣತರ ನಡುವೆಯೂ ಇರುತ್ತದೆಂದು ತೋರಿಸಿದ. ಇದಕ್ಕೆ 'ವೈಯಕ್ತಿಕ ಸಮೀಕರಣ' ಎಂಬ ಹೆಸರು ಬಂತು. ಪಾಪ, ಕಿನ್ನೆಬ್ರೂಕ್‌ನ ತಪ್ಪೇನೂ ಇರಲಿಲ್ಲ. ಯಾರ ಗಡಿಯಾರ ಸರಿ ಎಂದು ನಿರ್ಧರಿಸುವ ಅಧಿಕಾರ ಆತನ ಕೈಯಲ್ಲಿರಲಿಲ್ಲ ಅಷ್ಟೆ.

1868ರಲ್ಲಿ ಹಾಲೆಂಡಿನ ಡಾಂಡರ್ಸ್ ಒಂದು ಹೆಜ್ಜೆ ಮುಂದೆ ಹೋದ. ದೀಪ ಕಂಡೊಡನೆ ಗುಂಡಿ ಒತ್ತುವುದಕ್ಕೆ ಒಂದು ಕಾಲ ಬೇಕು. ಯಾವ ದೀಪ ಎಂದು ಆಯ್ದು, ಅದಕ್ಕೆ ತಕ್ಕ ಗುಂಡಿ ಒತ್ತುವುದಕ್ಕೆ ಹೆಚ್ಚು ಕಾಲ ಬೇಕು. ಎರಡರ ವ್ಯತ್ಯಾಸವೇ ಆಯ್ಕೆ ಮಾಡಲು ಮನಸ್ಸು ತೆಗೆದುಕೊಂಡ ಕಾಲ! ಪ್ರತಿಕ್ರಿಯಾ ಕಾಲದ ವ್ಯತ್ಯಾಸದಿಂದ ಮನಸ್ಸಿನೊಳಗಿನದನ್ನು ಊಹಿಸುವ ಈ ಉಪಾಯವೇ ಇಂದಿನ ಪೂರ್ವಗ್ರಹ ಪರೀಕ್ಷೆಯ ಬೇರು.

ಮಲ್ಲಿಗೆ ಮತ್ತು ಜಿರಲೆ

ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗೆ 'ಸುಪ್ತ ಸಾಹಚರ್ಯ ಪರೀಕ್ಷೆ' ಎನ್ನಬಹುದು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದು 'ಐಎಟಿ' ಎಂದೇ ಪ್ರಸಿದ್ಧ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಂತೊನಿ ಗ್ರೀನ್‌ವಾಲ್ಡ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಇದನ್ನು ಪ್ರಕಟಿಸಿದರು. ಇದನ್ನು ಬೆಳೆಸಿದವರಲ್ಲಿ ಮುಖ್ಯರಾದ ಮಹಜರೀನ್ ಬಾನಾಜಿ ನಮ್ಮ ಪಕ್ಕದ ಸಿಕಂದರಾಬಾದಿನವರು; ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1986ರಲ್ಲಿ ಡಾಕ್ಟರೇಟ್ ಪಡೆದವರು. (ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದೂ ಅಲ್ಲಿಯೇ ಎಂಬುದು ನಮ್ಮ ಓದುಗರಿಗೆ ನೆನಪಿರಬಹುದು.)

ಪರೀಕ್ಷೆ ಹೇಗೆ ನಡೆಯುತ್ತದೆ? ಮೂಲ ಪ್ರಬಂಧದ ಮೊದಲ ಪ್ರಯೋಗ ಹೂ ಮತ್ತು ಕೀಟಗಳದು. ಅದನ್ನು ನಮ್ಮ ಪದಗಳಲ್ಲಿ ನೋಡೋಣ. ನಾಲ್ಕು ಗುಂಪು ಪದಗಳಿವೆ. ಗಾಂಧಿ ಬಜಾರಿನ ಹೂವಿನ ಸಾಲಿನಿಂದ ಮಲ್ಲಿಗೆ, ಸಂಪಿಗೆ, ಸೇವಂತಿಗೆ, ಕನಕಾಂಬರ. ಕೀಟಗಳಿಂದ ಜಿರಲೆ, ಸೊಳ್ಳೆ, ತಿಗಣೆ, ನೊಣ. ಒಳ್ಳೆಯ ಪದಗಳು: ನಗು, ಹಬ್ಬ, ಸ್ನೇಹ, ಸಿಹಿ. ಕೆಟ್ಟ ಪದಗಳು: ನೋವು, ಜಗಳ, ವಿಷ, ಕೊಳೆ. ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಪದ ಬರುತ್ತದೆ. ಮೊದಲ ಮುಖ್ಯ ಸುತ್ತಿನಲ್ಲಿ ಹೂ ಅಥವಾ ಒಳ್ಳೆಯ ಪದ ಬಂದರೆ ಎಡಗೈ ಕೀಲಿ, ಕೀಟ ಅಥವಾ ಕೆಟ್ಟ ಪದ ಬಂದರೆ ಬಲಗೈ ಕೀಲಿ. ಇದು ಸುಲಭ. ಇನ್ನೊಂದು ಸುತ್ತಿನಲ್ಲಿ ಜೋಡಿ ಅದಲುಬದಲಾಗುತ್ತದೆ: ಕೀಟ ಮತ್ತು ಒಳ್ಳೆಯ ಪದ ಒಂದು ಕಡೆ, ಹೂ ಮತ್ತು ಕೆಟ್ಟ ಪದ ಇನ್ನೊಂದು ಕಡೆ. ಈಗ ಬೆರಳು ತಡವರಿಸುತ್ತದೆ. ಮನಸ್ಸಿನಲ್ಲಿ ಮೊದಲೇ ಒಟ್ಟಿಗಿರುವ ವಿಷಯಗಳನ್ನು ಒಂದೇ ಕೀಲಿಗೆ ಸೇರಿಸುವುದು ಸುಲಭ, ಇಲ್ಲದವನ್ನು ಸೇರಿಸುವುದು ಕಷ್ಟ ಎಂಬುದೇ ಇಲ್ಲಿನ ತತ್ತ್ವ. ಅಭ್ಯಾಸದ ಸುತ್ತುಗಳೂ ಸೇರಿ ಒಟ್ಟು ಏಳು ಸುತ್ತು.

ಶಿಕ್ಷಕರು ತರಗತಿಯಲ್ಲಿ ಇದನ್ನು ಕಂಪ್ಯೂಟರ್ ಇಲ್ಲದೆಯೂ ಮಾಡಿಸಬಹುದು. ಮೇಲಿನ ಪದಗಳನ್ನು ಬೆರೆಸಿ ಹಾಳೆಯ ನಡುವೆ ಉದ್ದ ಪಟ್ಟಿಯಾಗಿ ಬರೆಯಿರಿ. ಪ್ರತಿ ಪದದ ಎಡಕ್ಕೋ ಬಲಕ್ಕೋ ವಿದ್ಯಾರ್ಥಿ ಗುರುತು ಹಾಕಬೇಕು. 20 ಸೆಕೆಂಡುಗಳಲ್ಲಿ ಎಷ್ಟು ಪದ ಸರಿಯಾಗಿ ಮುಗಿದವು ಎಂದು ಎಣಿಸಿ, ಜೋಡಿ ಬದಲಿಸಿ ಮತ್ತೆ ಮಾಡಿಸಿ. ಅರ್ಧ ತರಗತಿ ಮೊದಲ ಜೋಡಿಯಿಂದ, ಉಳಿದರ್ಧ ಎರಡನೆಯದರಿಂದ ಆರಂಭಿಸಲಿ. ಇಲ್ಲದಿದ್ದರೆ ಅಭ್ಯಾಸದ ಪರಿಣಾಮ ಬೆರೆತುಹೋಗುತ್ತದೆ.

ಹೂವಿನ ಜಾಗದಲ್ಲಿ ಬಿಳಿಯರ ಮುಖ, ಕೀಟದ ಜಾಗದಲ್ಲಿ ಕರಿಯರ ಮುಖ ಇಟ್ಟರೆ ಏನಾಗುತ್ತದೆ? ಗಂಡು–ಹೆಣ್ಣು, ವಿಜ್ಞಾನ–ಕಲೆ ಎಂಬ ಗುಂಪುಗಳನ್ನು ಇಟ್ಟರೆ? 1998ರಲ್ಲೇ ಈ ಪರೀಕ್ಷೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಗಂಡು–ಹೆಣ್ಣು ಮತ್ತು ವಿಜ್ಞಾನದ ಬಗ್ಗೆ 34 ದೇಶಗಳಿಂದ ಬಂದ 5 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು 2009ರಲ್ಲಿ ವಿಶ್ಲೇಷಿಸಿದಾಗ, ಸುಮಾರು ಶೇಕಡ 70ರಲ್ಲಿ ವಿಜ್ಞಾನವು ಹೆಣ್ಣಿಗಿಂತ ಗಂಡಿನೊಡನೆ ಬೇಗ ಜೋಡಿಯಾಗಿತ್ತು. ಈ ಒಲವು ಹೆಚ್ಚಿದ್ದ ದೇಶಗಳಲ್ಲಿ ಎಂಟನೆಯ ತರಗತಿಯ ಹುಡುಗರು ವಿಜ್ಞಾನದಲ್ಲಿ ಹುಡುಗಿಯರಿಗಿಂತ ಹೆಚ್ಚು ಮುಂದಿದ್ದರು. ಯಾವುದು ಕಾರಣ, ಯಾವುದು ಕಾರ್ಯ ಎಂದು ಇದರಿಂದ ಹೇಳಲಾಗದು. ಎರಡೂ ಒಂದನ್ನೊಂದು ಪೋಷಿಸುತ್ತಿರಬಹುದು.

ಉಪಕರಣ ಎಷ್ಟು ನಿಖರ?

ಇನ್ನು ಅಂಕ ಹೇಗೆ ಬರುತ್ತದೆ ನೋಡೋಣ. ಒಬ್ಬ ವ್ಯಕ್ತಿಗೆ ಸುಲಭದ ಜೋಡಿಯಲ್ಲಿ ಸರಾಸರಿ 720 ಮಿಲಿಸೆಕೆಂಡ್, ಕಷ್ಟದ ಜೋಡಿಯಲ್ಲಿ 880 ಮಿಲಿಸೆಕೆಂಡ್ ಬೇಕಾಯಿತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 160. ವಯಸ್ಸಾದವರಿಗೆ ಎಲ್ಲವೂ ನಿಧಾನ, ವ್ಯತ್ಯಾಸವೂ ಹಿಗ್ಗುತ್ತದೆ. ಆದ್ದರಿಂದ ಆ ವ್ಯಕ್ತಿಯದೇ ಪ್ರತಿಕ್ರಿಯೆಗಳ ಮಾನಕ ವಿಚಲನೆಯಿಂದ ಭಾಗಿಸುತ್ತಾರೆ. ಅದು 320 ಆಗಿದ್ದರೆ ಅಂಕ 160 ÷ 320 = 0.5. ಇದಕ್ಕೆ ಏಕಮಾನ ಇಲ್ಲ. 0.15ರ ಮೇಲಿದ್ದರೆ 'ಸ್ವಲ್ಪ', 0.35ರ ಮೇಲಿದ್ದರೆ 'ಮಧ್ಯಮ', 0.65ರ ಮೇಲಿದ್ದರೆ 'ಪ್ರಬಲ' ಒಲವು ಎಂಬ ಹೆಸರುಗಳು ರೂಢಿಯಲ್ಲಿವೆ. ನಮ್ಮ ಕಾಲ್ಪನಿಕ ವ್ಯಕ್ತಿಯದು 'ಮಧ್ಯಮ'.

ಭೌತವಿಜ್ಞಾನದ ವಿದ್ಯಾರ್ಥಿ ಈಗ ಕೇಳಬೇಕಾದ ಪ್ರಶ್ನೆ ಒಂದೇ: ಮತ್ತೆ ಅಳೆದರೆ ಅದೇ ಬೆಲೆ ಬರುತ್ತದೆಯೇ? ಒಂದು ತರಗತಿಯ ಮಕ್ಕಳ ಎತ್ತರವನ್ನು ಇಂದೂ ಮುಂದಿನ ವಾರವೂ ಅಳೆದರೆ ಎರಡು ಅಳತೆಗಳ ಸಹಸಂಬಂಧ ಗುಣಾಂಕ 1ಕ್ಕೆ ಬಹಳ ಹತ್ತಿರ ಇರುತ್ತದೆ. ಈ ಪರೀಕ್ಷೆಯಲ್ಲಿ ಅದು ಸುಮಾರು 0.5 ಮಾತ್ರ. ಇದರ ಅರ್ಥವನ್ನು ಲೆಕ್ಕ ಹಾಕೋಣ. ಜನರ ನಡುವೆ ಅಂಕಗಳ ಮಾನಕ ವಿಚಲನೆ 0.4 ಎಂದಿಟ್ಟುಕೊಂಡರೆ, ಒಬ್ಬ ವ್ಯಕ್ತಿಯ ಅಳತೆಯಲ್ಲಿನ ದೋಷ 0.4 × √(1 − 0.5), ಅಂದರೆ ಸುಮಾರು 0.28. ನಮ್ಮ ವ್ಯಕ್ತಿಯ ಅಂಕವನ್ನು 0.5 ± 0.28 ಎಂದು ಬರೆಯಬೇಕಾಗುತ್ತದೆ. ಇಂದು 'ಮಧ್ಯಮ' ಎನಿಸಿಕೊಂಡವರು ನಾಳೆ 0.22 ಪಡೆದು 'ಸ್ವಲ್ಪ'ಕ್ಕೆ ಇಳಿಯಬಹುದು ಅಥವಾ 0.78 ಪಡೆದು 'ಪ್ರಬಲ'ಕ್ಕೆ ಏರಬಹುದು. ಕಾಲವನ್ನು ಮಿಲಿಸೆಕೆಂಡಿನಲ್ಲಿ ಅಳೆದರೂ ವ್ಯಕ್ತಿಯನ್ನು ಅಷ್ಟು ಸೂಕ್ಷ್ಮವಾಗಿ ಅಳೆದಂತಾಗಲಿಲ್ಲ. ವರ್ನಿಯರ್ ಮಾಪಕದ ಗೆರೆಗಳು ಎಷ್ಟೇ ಸಣ್ಣದಿದ್ದರೂ, ದವಡೆಯೇ ಅಲುಗಾಡುತ್ತಿದ್ದರೆ ಪ್ರಯೋಜನವೇನು?

ಎರಡನೆಯ ಪ್ರಶ್ನೆ: ಅಂಕ ಹೆಚ್ಚಿದ್ದವರು ನಿಜಜೀವನದಲ್ಲಿ ಹೆಚ್ಚು ತಾರತಮ್ಯ ಮಾಡುತ್ತಾರೆಯೇ? ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಕೊಟ್ಟ ಸಹಸಂಬಂಧ ಸುಮಾರು 0.27. ವಿಮರ್ಶಕರು 2013ರಲ್ಲಿ ಜನಾಂಗೀಯ ವಿಷಯಗಳ ಬಗ್ಗೆ ಪಡೆದದ್ದು ಸುಮಾರು 0.15. ಗುಣಾಂಕದ ವರ್ಗ ತೆಗೆದುಕೊಂಡರೆ, ವರ್ತನೆಯಲ್ಲಿನ ವ್ಯತ್ಯಾಸದ ಶೇಕಡ 7 ಅಥವಾ ಶೇಕಡ 2ರಷ್ಟನ್ನು ಮಾತ್ರ ಈ ಅಂಕ ವಿವರಿಸುತ್ತದೆ. ವಿಮರ್ಶಕರ ಇನ್ನೊಂದು ಆಕ್ಷೇಪವೂ ತೂಕದ್ದು. ಪರೀಕ್ಷೆ ಅಳೆಯುವುದು ನನ್ನ ಒಲವನ್ನೋ, ಅಥವಾ ನನ್ನ ಸುತ್ತಲಿನ ಸಮಾಜ ಏನನ್ನು ಏನರೊಡನೆ ಜೋಡಿಸುತ್ತದೆ ಎಂಬ ನನ್ನ ತಿಳಿವಳಿಕೆಯನ್ನೋ? 'ಅಮ್ಮ ಅಡುಗೆಮನೆಯಲ್ಲಿ, ಅಪ್ಪ ಕಚೇರಿಯಲ್ಲಿ' ಎಂಬ ಚಿತ್ರವನ್ನು ಸಾವಿರ ಸಲ ನೋಡಿದವರ ಬೆರಳು, ಅವರು ಅದನ್ನು ಒಪ್ಪದಿದ್ದರೂ, ಆ ಜೋಡಿಗೆ ಬೇಗ ಓಡಬಹುದು.

ಅಣುವಿಗೆ ಉಷ್ಣತೆ ಇಲ್ಲ

ಹಾಗಾದರೆ ಪರೀಕ್ಷೆ ನಿಷ್ಪ್ರಯೋಜಕವೇ? ನನಗೆ ಹಾಗನ್ನಿಸುವುದಿಲ್ಲ. ಒಂದು ಅಣುವಿನ ಉಷ್ಣತೆ ಎಷ್ಟು ಎಂದು ಕೇಳಿದರೆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇವೆ. ಕೋಟಿ ಕೋಟಿ ಅಣುಗಳ ಚಲನೆಯ ಸರಾಸರಿಯಿಂದ ಉಷ್ಣತೆ ಹುಟ್ಟುತ್ತದೆ. ಪೂರ್ವಗ್ರಹದ ಅಂಕವೂ ಬಹುಮಟ್ಟಿಗೆ ಹೀಗೆಯೇ. ಯಾದೃಚ್ಛಿಕ ದೋಷ ಸಂಖ್ಯೆಯ ವರ್ಗಮೂಲದಂತೆ ಕುಗ್ಗುತ್ತದೆ. 1,600 ಜನರ ಸರಾಸರಿ ತೆಗೆದುಕೊಂಡರೆ ಅದರ ದೋಷ 0.4 ÷ 40 = 0.01. ಒಬ್ಬರ ಅಂಕ ಅಲುಗಾಡುತ್ತಿದ್ದರೂ ಊರಿನ ಅಂಕ ಸ್ಥಿರ. ಪೇನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2017ರಲ್ಲಿ ಇದೇ ಅರ್ಥದ ವಾದ ಮುಂದಿಟ್ಟರು: ಸುಪ್ತ ಪೂರ್ವಗ್ರಹವನ್ನು ವ್ಯಕ್ತಿಯ ಗುಣವೆನ್ನುವುದಕ್ಕಿಂತ ಸನ್ನಿವೇಶದ ಗುಣವೆನ್ನುವುದು ಮೇಲು. (ಕ್ರಮಬದ್ಧ ದೋಷ ಮಾತ್ರ ಸರಾಸರಿಯಿಂದ ಹೋಗುವುದಿಲ್ಲ, ಮರೆಯಬೇಡಿ.)

ಗುಂಪುಗಳನ್ನು ಹೋಲಿಸಲು ಇದನ್ನು ಬಳಸಿದ ಒಳ್ಳೆಯ ಉದಾಹರಣೆ ಭಾರತದ್ದೇ. ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿಯ ವಿಷಯದಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. 1983ರ ಕಾಯಿದೆಯಡಿ 1987ರಲ್ಲಿ ಚುನಾವಣೆ ನಡೆದಾಗಲೇ ಶೇಕಡ 25 ಸ್ಥಾನಗಳು ಮಹಿಳೆಯರಿಗಿದ್ದವು. ಆದರೆ ಅಳತೆ ನಡೆದದ್ದು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ. ಅಲ್ಲಿ ಯಾವ ಗ್ರಾಮ ಪಂಚಾಯತಿಯ ಪ್ರಧಾನರ ಹುದ್ದೆ ಮಹಿಳೆಗೆ ಮೀಸಲು ಎಂಬುದು ಯಾದೃಚ್ಛಿಕವಾಗಿ ನಿರ್ಧಾರವಾಗುತ್ತಿತ್ತು. ವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು. 2009ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಹಿಳಾ ಪ್ರಧಾನರನ್ನು ಕಂಡ ಹಳ್ಳಿಗಳ ಗಂಡಸರಲ್ಲಿ 'ನಾಯಕತ್ವ ಗಂಡಿಗೆ, ಮನೆಗೆಲಸ ಹೆಣ್ಣಿಗೆ' ಎಂಬ ಸುಪ್ತ ಜೋಡಣೆ ಸಡಿಲವಾಗಿತ್ತು. ಗಂಡು ನಾಯಕನೇ ಇಷ್ಟ ಎಂಬ ಒಲವು ಮಾತ್ರ ಹಾಗೆಯೇ ಇತ್ತು! ಇಲ್ಲಿ ಯಾವ ಒಬ್ಬ ಹಳ್ಳಿಗನಿಗೂ 'ನೀನು ಪೂರ್ವಗ್ರಹಿ' ಎಂಬ ಹಣೆಪಟ್ಟಿ ಬೀಳಲಿಲ್ಲ. ಹಳ್ಳಿ ಹಳ್ಳಿಗಳನ್ನು ಹೋಲಿಸಿದರು, ಅಷ್ಟೆ.

ಬೆಂಗಳೂರಿನ ಒಂದು ಪಾಠ

ವ್ಯಕ್ತಿಯ ಮೇಲೆ ಹಣೆಪಟ್ಟಿ ಹಚ್ಚುವುದು ಏಕೆ ಅಪಾಯ ಎಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಅದು ಪೂರ್ವಗ್ರಹದ ಪರೀಕ್ಷೆಯಲ್ಲ, ಆದರೆ ಮನಸ್ಸಿನಲ್ಲಿ ಅಡಗಿದ್ದನ್ನು ಉಪಕರಣದಿಂದ ಹೊರತೆಗೆಯುತ್ತೇವೆಂಬ ಅದೇ ಭರವಸೆಯದು. 2000ದ ದಶಕದಲ್ಲಿ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ನಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನಿಯಾಗಿದ್ದ ಸಿ. ಆರ್. ಮುಕುಂದನ್ ತಲೆಗೆ ವಿದ್ಯುದ್ವಾರಗಳನ್ನು ಜೋಡಿಸಿ ಮಿದುಳಿನ ವಿದ್ಯುತ್ ಸಂಕೇತಗಳಿಂದ 'ಅನುಭವದ ನೆನಪ'ನ್ನು ಗುರುತಿಸುವ ವಿಧಾನವೊಂದನ್ನು ರೂಪಿಸಿದ್ದರು. ಇಂಥ ಪರೀಕ್ಷೆಗಳನ್ನು ಪರಿಶೀಲಿಸಿದ, ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿಯೇ 2008ರಲ್ಲಿ ಅವಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು, ಸುಳ್ಳುಪತ್ತೆ ಅಥವಾ ಮಿದುಳಿನ ಪರೀಕ್ಷೆಗೆ ಒಳಪಡಿಸಬಾರದು, ಹಾಗೆ ಮಾಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೆಯ ವಿಧಿಗೆ ವಿರುದ್ಧ ಎಂದು ತೀರ್ಪಿತ್ತಿತು. ಒಪ್ಪಿಗೆಯಿಂದ ಮಾಡಿದರೂ ಪರೀಕ್ಷೆಯ ಫಲಿತಾಂಶವನ್ನೇ ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ.

ಸುಪ್ತ ಪೂರ್ವಗ್ರಹದ ಪರೀಕ್ಷೆಗೆ ಯಾರೂ ಚುಚ್ಚುಮದ್ದು ಕೊಡುವುದಿಲ್ಲ ನಿಜ. ಆದರೆ ನೇಮಕಾತಿ ಅಥವಾ ಬಡ್ತಿಗೆ ಇದರ ಅಂಕ ಬಳಸಿದರೆ ತಪ್ಪು ಅದೇ ಜಾತಿಯದು. ಪರೀಕ್ಷೆಯನ್ನು ರೂಪಿಸಿದವರೇ ಅಂಥ ಬಳಕೆ ಕೂಡದೆಂದು ಎಚ್ಚರಿಸಿದ್ದಾರೆ. ಅರಿವು ಮೂಡಿಸುವ ಒಂದು ದಿನದ ತರಬೇತಿಗಳೂ ಬೆಂಗಳೂರಿನ ಕಂಪನಿಗಳಲ್ಲಿ ನಡೆಯುತ್ತವೆ. 492 ಅಧ್ಯಯನಗಳನ್ನು ಒಟ್ಟು ಮಾಡಿದ 2019ರ ವಿಶ್ಲೇಷಣೆಯಲ್ಲಿ, ಪರೀಕ್ಷೆಯ ಅಂಕವನ್ನು ಅಲ್ಪಸ್ವಲ್ಪ ಬದಲಿಸಲು ಸಾಧ್ಯವಾದರೂ ಅದರಿಂದ ವರ್ತನೆ ಬದಲಾಯಿತೆನ್ನಲು ಆಧಾರ ಸಿಗಲಿಲ್ಲ. ಬ್ರಿಟನ್ ಸರ್ಕಾರ 2020ರ ಡಿಸೆಂಬರಿನಲ್ಲಿ ತನ್ನ ನೌಕರರಿಗೆ ಇಂಥ ತರಬೇತಿಯನ್ನು ಕೈಬಿಡುವುದಾಗಿ ಘೋಷಿಸಿತು.

ಕೆಂಪು ಪೆನ್ನಿನ ಕೆಳಗೆ

ಮನಸ್ಸನ್ನು ಬಿಟ್ಟು ಮನಸ್ಸಿನ ಕೆಲಸವನ್ನೇ ಅಳೆಯುವುದು ಇನ್ನೊಂದು ದಾರಿ. ನಮ್ಮಲ್ಲಿ ಅನೇಕರಿಗೆ ಇದು ತೀರ ಹತ್ತಿರದ್ದು. ಭಾರತದ ಒಂದು ನಗರದಲ್ಲಿ ರೆಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಮಕ್ಕಳಿಗೆ ಬಹುಮಾನದ ಪರೀಕ್ಷೆ ನಡೆಸಿದರು. ಉತ್ತರಪತ್ರಿಕೆಗಳ ಪ್ರತಿ ಮಾಡಿಸಿ, ಪ್ರತಿಯೊಂದರ ಮೇಲ್ಪುಟದಲ್ಲಿ ವಯಸ್ಸು, ಲಿಂಗ, ಜಾತಿಗಳನ್ನು ಯಾದೃಚ್ಛಿಕವಾಗಿ ಬರೆದು 120 ಶಿಕ್ಷಕರಿಗೆ ತಲಾ 25ರಂತೆ ಕೊಟ್ಟರು. ಒಂದೇ ಉತ್ತರ ಒಬ್ಬರ ಕೈಯಲ್ಲಿ ಮೇಲ್ಜಾತಿಯ ಮಗುವಿನದು, ಇನ್ನೊಬ್ಬರ ಕೈಯಲ್ಲಿ ಕೆಳಜಾತಿಯದು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, 'ಕೆಳಜಾತಿ' ಎಂದು ಬರೆದಿದ್ದ ಪತ್ರಿಕೆಗಳಿಗೆ ಮಾನಕ ವಿಚಲನೆಯ 0.03ರಿಂದ 0.08ರಷ್ಟು ಕಡಿಮೆ ಅಂಕ ಬಂದಿತ್ತು. ಮೊತ್ತ ಸಣ್ಣದು. ಆದರೆ ದರ್ಜೆಯ ಗಡಿಯಲ್ಲಿ ನಿಂತ ಮಗುವಿಗೆ ಅದು ಸಣ್ಣದಲ್ಲ.

ಎರಡು ವಿವರಗಳು ಹೆಚ್ಚು ಯೋಚನೆಗೆ ಹಚ್ಚುತ್ತವೆ. ಮೊದಲನೆಯದು, ಈ ಕಡಿತ ಕಂಡದ್ದು ಮುಖ್ಯವಾಗಿ ಕೆಳಜಾತಿಗಳ ಶಿಕ್ಷಕರಲ್ಲೇ. ಮೇಲ್ಜಾತಿಯ ಶಿಕ್ಷಕರಲ್ಲಿ ಅದರ ಸುಳಿವು ಸಿಗಲಿಲ್ಲ. ಪೂರ್ವಗ್ರಹ ಎಂದರೆ ಎದುರು ಪಾಳೆಯದವರ ದುಷ್ಟತನ ಎಂಬ ನಮ್ಮ ಸರಳ ಕಲ್ಪನೆಗೆ ಇದು ಹೊಂದುವುದಿಲ್ಲ. ಎರಡನೆಯದು, ಕಟ್ಟಿನ ಆರಂಭದ ಪತ್ರಿಕೆಗಳಲ್ಲಿ ವ್ಯತ್ಯಾಸ ಹೆಚ್ಚು. ಉತ್ತರಗಳ ಮಟ್ಟ ಇನ್ನೂ ತಿಳಿಯದಿದ್ದಾಗ, ಮೇಲ್ಪುಟದಲ್ಲಿ ಇರುವ ಮಾಹಿತಿಯೇ ಆಸರೆಯಾಗುತ್ತದೆ ಎಂದು ಇದನ್ನು ವಿವರಿಸಬಹುದು.

ಇದರಿಂದ ಕೆಲಸಕ್ಕೆ ಬರುವ ಸೂಚನೆಗಳು ತಾವಾಗಿ ಹೊರಡುತ್ತವೆ. ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಹೆಸರು ಮರೆಮಾಡಿ ಕೋಡ್ ಸಂಖ್ಯೆ ಹಾಕುವ ಪದ್ಧತಿ ಹಳೆಯದು. ಆಂತರಿಕ ಪರೀಕ್ಷೆಯಲ್ಲಿ, ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಮಾತ್ರ ಹೆಸರು ಮೊದಲ ಪುಟದಲ್ಲಿ ದುಂಡಗೆ ಮೆರೆಯುತ್ತಿರುತ್ತದೆ. ಮೊದಲ ಪುಟವನ್ನು ಹಿಂದಕ್ಕೆ ಮಡಿಚಿ ಕಟ್ಟು ಕಟ್ಟಲು ಯಾವ ಸುತ್ತೋಲೆಯೂ ಬೇಕಿಲ್ಲ. ಅಂಕ ಹಾಕುವ ಮುನ್ನ ಹತ್ತು ಪತ್ರಿಕೆಗಳನ್ನು ಸುಮ್ಮನೆ ಓದಿ ಮಟ್ಟ ತಿಳಿದುಕೊಳ್ಳಬಹುದು. ಒಂದು ಪತ್ರಿಕೆಯನ್ನು ಪೂರ್ತಿ ಮುಗಿಸುವ ಬದಲು ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯ ಪ್ರಶ್ನೆ ಎಂದು ನೋಡಿದರೆ ಒಂದು ಉತ್ತರದ ಪ್ರಭೆ ಇನ್ನೊಂದರ ಮೇಲೆ ಬೀಳುವುದಿಲ್ಲ.

ಕಷ್ಟ ಇರುವುದು ಮೌಖಿಕ ಪರೀಕ್ಷೆಯಲ್ಲಿ. ಅಲ್ಲಿ ಮುಖ, ಮಾತಿನ ಧಾಟಿ, ಇಂಗ್ಲಿಷಿನ ಉಚ್ಚಾರ ಯಾವುದನ್ನೂ ಮಡಿಚಿಡಲಾಗದು. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು ಚೀಟಿ ಎತ್ತಿಸುವುದು, ಪ್ರತಿ ಉತ್ತರಕ್ಕೂ ಆಗಿಂದಾಗಲೇ ಅಂಕ ಬರೆಯುವುದು, ಆಂತರಿಕ ಮತ್ತು ಬಾಹ್ಯ ಪರೀಕ್ಷಕರು ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಬರೆದು ಕೊನೆಗೆ ಹೋಲಿಸುವುದು, ಇಷ್ಟು ಸಾಧ್ಯ. ಎರಡು ಹಾಳೆಗಳ ನಡುವಿನ ವ್ಯತ್ಯಾಸವನ್ನು ವರ್ಷವರ್ಷವೂ ತೆಗೆದಿಟ್ಟರೆ, ಅದನ್ನು ಹುಡುಗ–ಹುಡುಗಿ, ಕನ್ನಡ ಮಾಧ್ಯಮ–ಇಂಗ್ಲಿಷ್ ಮಾಧ್ಯಮ ಎಂದು ವಿಂಗಡಿಸಿ ಸರಾಸರಿ ಲೆಕ್ಕ ಹಾಕುವುದು ಪದವಿ ವಿದ್ಯಾರ್ಥಿಗಳಿಗೇ ಒಂದು ಒಳ್ಳೆಯ ಸಂಖ್ಯಾಶಾಸ್ತ್ರದ ಅಭ್ಯಾಸವಾದೀತು.